ಹೂವಿಗೆ ಹೂ ಜೋಡಿಸಿದ ಕೃಂಬಿಗಲ್

ಶ್ರಾವಣ ಬಂತೆಂದರೆ ಬಾಳಗಡಿ ಸುತ್ತಿನ ಅಂಗಳಗಳಲ್ಲಿ ಡೇರೆ ಹೂವಿನದೇ ಸೊಬಗು. ಗೌರಿ ಹಬ್ಬ ಕಳೆದ ಮೇಲೆ ಗಿಡ ಸೋಲುತ್ತದೆ. ನವರಾತ್ರಿ, ದೀಪಾವಳಿಗೆ ಹೂ ಬೇಕಾದಾಗ ಅಂಗಳ ಬರಿದು. ಕೊಪ್ಪದ ಪೇಟೆಯಲ್ಲಿ ಕೇಳಿದಷ್ಟು ಹಣ ಕೊಟ್ಟು ಮಾಲೆ ತರಬೇಕು. ಈ ತೊಂದರೆಗೆ ದಾರಿ ತೋರುವ ತೋಟಗಾರರೊಬ್ಬರ ಬದುಕನ್ನು ರೈತ ಬಾಂಧವರು ತಿಳಿಯುವುದು ಒಳ್ಳೆಯದು.

ಅವರೇ ಗುಸ್ತಾವ್ ಹರ್ಮನ್ ಕೃಂಬಿಗಲ್. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಜನಿಸಿದರು. ತೋಟಗಾರಿಕೆ ಕಲಿತು ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿಗಳಲ್ಲಿಯೂ ಕ್ಯೂ ಉದ್ಯಾನದಲ್ಲಿಯೂ ದುಡಿದರು. 1893ರಲ್ಲಿ ಬರೋಡಾ ಮಹಾರಾಜರ ಸೇವೆಗೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು.

ಹೊರದೇಶಗಳಿಂದ ಬೀಜ, ಸಸಿ ತರಿಸಿ ಇಲ್ಲಿನ ಮಣ್ಣಿಗೆ ಒಗ್ಗಿಸಿದರು. ಬೆಂಗಳೂರಿನ ರಸ್ತೆಗಳಲ್ಲಿ ಮರ ನೆಡಿಸುವಾಗ ಅವರು ಹಿಡಿದ ಕ್ರಮವೇ ಬೇರೆ. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು. ವರ್ಷದ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು. ಬೃಂದಾವನದ ಉದ್ಯಾನದಲ್ಲಿಯೂ ಅವರ ಕೈವಾಡವಿದೆ. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬಂಧನವನ್ನೂ ಅನುಭವಿಸಿದರು. ಆದರೂ ಈ ನಾಡನ್ನು ಬಿಡಲಿಲ್ಲ. 1932ರಲ್ಲಿ ನಿವೃತ್ತರಾಗಿ, 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಣು ಮುಚ್ಚಿದರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ.

ಅವರ ಕ್ರಮ ನಮ್ಮ ಅಂಗಳಕ್ಕೂ ಸಲ್ಲುತ್ತದೆ. ಒಂದೇ ಹೂವನ್ನು ನಂಬಬಾರದು. ಡೇರೆ, ಕರ್ಣಕುಂಡಲಗಳ ಹಿಂದೆಯೇ ಚೆಂಡು ಹೂ ಬರುವಂತೆ ನೋಡಿಕೊಳ್ಳಬೇಕು. ಅದರ ಬೀಜವನ್ನು ಜುಲೈ ನಡುವಿನಲ್ಲಿ ಮಾಡಿನ ಕೆಳಗೆ, ಮಳೆ ಹೊಡೆಯದ ಕಡೆ ಮಡಿ ಮಾಡಿ ಬಿತ್ತಬೇಕು. ಹದಿನೈದು ದಿನ ಬಿಟ್ಟು ಇನ್ನೊಂದು ಕಂತು ಬಿತ್ತಿದರೆ ಹೂ ಒಟ್ಟಿಗೇ ಮುಗಿಯದು. ತಿಂಗಳ ಸಸಿಯನ್ನು ನೀರು ನಿಲ್ಲದ ಏರು ಮಡಿಯಲ್ಲಿ ನಾಟಿ ಮಾಡಿದರೆ, ಸುಮಾರು ಎರಡು ತಿಂಗಳಿಗೆ ಹೂ ಸಿಗುತ್ತದೆ. ಸೇವಂತಿಗೆಯ ಸಾಮಾನ್ಯ ತಳಿಗಳು ಹಗಲು ಕಿರಿದಾದ ಮೇಲೆಯೇ ಮೊಗ್ಗು ಕಟ್ಟುವುದರಿಂದ ಅವು ಸಾಲಿನ ಕೊನೆಗೆ ಒದಗುತ್ತವೆ.

ಬಾಡಿದ ಹೂವನ್ನು ಗಿಡದಲ್ಲಿ ಬಿಡಬೇಡಿ. ಬೀಜ ಕಟ್ಟತೊಡಗಿದ ಗಿಡ ಹೊಸ ಮೊಗ್ಗು ಕಡಿಮೆ ಮಾಡುತ್ತದೆ. ಡೇರೆಯ ಕಾಂಡ ಒಣಗಿದ ಮೇಲೆ ಗಡ್ಡೆ ಅಗೆದು, ಕೊಳೆತದ್ದನ್ನು ಎಸೆದು, ಉಳಿದದ್ದನ್ನು ಒಣ ಮರಳಿನಲ್ಲಿ ಮುಂದಿನ ವರ್ಷಕ್ಕೆ ಕಾಪಾಡಿ.

ಬೀಜದ ಖರ್ಚು ಅಲ್ಪ. ಬೇಕಾದದ್ದು ಮುಂದಾಲೋಚನೆ. ಒಂದು ಹೂ ಅರಳಿರುವಾಗಲೇ ಮುಂದಿನದಕ್ಕೆ ಮಡಿ ಸಿದ್ಧವಾಗಲಿ. ಕೃಂಬಿಗಲ್ಲರು ಕಲಿಸಿದ ಪಾಠ ಇಷ್ಟೇ.