ಮೈಸೂರಿನ ಅರಸರೂ ಮಾಸ್ಕೋದ ಪಿಯಾನೊ ನಾದವೂ

1956ರ ನವೆಂಬರ್ 1ರಂದು ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಂದಿಗೆ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಹೊಸ ಮೈಸೂರು ರಾಜ್ಯವನ್ನು ಸೇರಿದವು. ಇಂದು ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿ ಅಂದು ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. ಅದರ ಹಿಂದಿನ ದಿನದವರೆಗೆ ಈ ಸೀಮೆಯ ಜನರಿಗೆ ರಾಜಪ್ರಮುಖರಾಗಿದ್ದವರು ಹೈದರಾಬಾದಿನ ನಿಜಾಮರು. ಆ ದಿನದಿಂದ ರಾಜ್ಯಪಾಲರಾದವರು ಮೈಸೂರಿನ ಮಾಜಿ ಮಹಾರಾಜ ಜಯಚಾಮರಾಜ ಒಡೆಯರ್. ನಿಜಾಮರ ಸೀಮೆಯ ಕನ್ನಡಿಗರೂ ಮೈಸೂರಿನ ಅರಸರೂ ಒಂದೇ ಆಡಳಿತದ ಚೌಕಟ್ಟಿನೊಳಗೆ ಬಂದದ್ದು ಹೀಗೆ.

ಒಡೆಯರ್ ಅವರನ್ನು ಕನ್ನಡಿಗರು ಮೈಸೂರಿನ ಕೊನೆಯ ಅರಸರೆಂದು, ದಸರೆಯ ಅಂಬಾರಿಯ ಮೇಲೆ ಕುಳಿತವರೆಂದು, ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ಬಲ್ಲರು. ಆದರೆ ಲಂಡನ್ ಮತ್ತು ಮಾಸ್ಕೋ ನಗರಗಳ ಸಂಗೀತ ವಲಯದಲ್ಲಿ ಅವರ ಹೆಸರು ಉಳಿದಿರುವುದು ಬೇರೊಂದು ಕಾರಣಕ್ಕೆ. ಜಗತ್ತು ಬಹುಮಟ್ಟಿಗೆ ಮರೆತಿದ್ದ ರಷ್ಯಾದ ಒಬ್ಬ ಸಂಗೀತಗಾರನ ಪಿಯಾನೊ ಕೃತಿಗಳು ಅವನ ಬೆರಳುಗಳಿಂದಲೇ ಧ್ವನಿಮುದ್ರಣಗೊಂಡು ಉಳಿಯುವಂತೆ ಮಾಡಿದವರು ಅವರು. ಆ ಸಂಗೀತ ನಿಜಕ್ಕೂ ಶ್ರೇಷ್ಠವೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅದಕ್ಕಾಗಿ ಮೈಸೂರಿನ ಹಣ ವೆಚ್ಚವಾದದ್ದು ಸರಿಯೇ ಎಂಬ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ.

ಕೈತಪ್ಪಿದ ಕನಸು

ಜಯಚಾಮರಾಜರು 1919ರ ಜುಲೈ 18ರಂದು ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅರಮನೆಯಲ್ಲಿ ವೀಣೆ, ಪಿಟೀಲುಗಳ ನಾದಕ್ಕೆ ಎಷ್ಟು ಗೌರವವಿತ್ತೋ ಪಾಶ್ಚಾತ್ಯ ವಾದ್ಯಗಳಿಗೂ ಅಷ್ಟೇ ಗೌರವವಿತ್ತು. ಜರ್ಮನಿಯ ಓಟೊ ಸ್ಮಿತ್ ಅರಮನೆಯ ವಾದ್ಯವೃಂದವನ್ನು ನಡೆಸುತ್ತಿದ್ದರು. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಇಂತಹ ಪರಿಸರದಲ್ಲಿ ಬೆಳೆದ ಬಾಲಕನಿಗೆ ಪಿಯಾನೊ ಪರಕೀಯ ವಾದ್ಯವೆನಿಸಲಿಲ್ಲ.

1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದ ಅವರು 1939ರಲ್ಲಿ ಯೂರೋಪ್ ಪ್ರವಾಸ ಕೈಗೊಂಡರು. ಕಛೇರಿ ನೀಡುವ ಪಿಯಾನೊ ವಾದಕನಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ವಿಧಿಯ ಲೆಕ್ಕ ಬೇರೆಯಿತ್ತು. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ದೊಡ್ಡಪ್ಪನವರೂ ನಿಧನರಾದರು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ಯುವಕ ಸಿಂಹಾಸನವೇರಿದರು. ಆರು ತಿಂಗಳಲ್ಲಿ ಎರಡು ಸಾವುಗಳು ಅವರಿಗೆ ರಾಜ್ಯವೊಂದನ್ನು ಒಪ್ಪಿಸಿ, ವೇದಿಕೆಯನ್ನು ಕಸಿದುಕೊಂಡವು.

ಆದರೂ ಅಭ್ಯಾಸ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆ ದೊರೆಯಿತು. ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಎಂದು ಸನ್ಮಾನಿಸಿತು. ಅರಮನೆಯ ಸಂಗ್ರಹದಲ್ಲಿ ಸಾವಿರಾರು ಗ್ರಾಮಫೋನ್ ತಟ್ಟೆಗಳು ಸೇರಿದವು. ತಾವು ನುಡಿಸಿ ಜಗತ್ತಿಗೆ ಕೇಳಿಸಲಾಗದ್ದನ್ನು ಇನ್ನೊಬ್ಬರಿಂದ ನುಡಿಸಿ ಕೇಳಿಸುವ ಮಾರ್ಗವನ್ನು ಅವರು ಹಿಡಿದರು.

ಮಾಸ್ಕೋದಿಂದ ಲಂಡನ್ನಿಗೆ

ಅವರ ಮನಸ್ಸು ನೆಟ್ಟದ್ದು ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರನ ಮೇಲೆ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಅಲ್ಲಿನ ಸಂಗೀತ ವಿದ್ಯಾಲಯದಿಂದ 1900ರಲ್ಲಿ ಹೊರಬರುವಾಗಲೇ ಅಸಾಧಾರಣ ಪಿಯಾನೊ ವಾದಕನೆಂಬ ಹೆಸರು ಗಳಿಸಿದ್ದ. ಮೂರು ಕನ್ಸರ್ಟೊ, ಹದಿನಾಲ್ಕು ಪಿಯಾನೊ ಸೊನಾಟಾ, ಕಥೆಗಳು ಎಂಬರ್ಥದ ಹೆಸರಿನ ಮೂವತ್ತಕ್ಕೂ ಹೆಚ್ಚು ಕಿರುರಚನೆಗಳು ಮತ್ತು ನೂರರಷ್ಟು ಹಾಡುಗಳು ಅವನ ಜೀವಮಾನದ ಸಾಧನೆ. ಅವನ ಹೆಚ್ಚುಕಡಿಮೆ ಪ್ರತಿಯೊಂದು ರಚನೆಯಲ್ಲೂ ಪಿಯಾನೊ ಇದ್ದೇ ಇದೆ.

ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ತೊರೆದ ಮೆಟ್ನರ್ ಜರ್ಮನಿ, ಫ್ರಾನ್ಸ್‌ಗಳಲ್ಲಿ ಕೆಲಕಾಲ ಇದ್ದು 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದ. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆಯ ಕುಟುಂಬದ ಆಶ್ರಯದಲ್ಲಿದ್ದುಕೊಂಡೇ ಅವನು ಮೂರನೆಯ ಕನ್ಸರ್ಟೊ ಮುಗಿಸಿದ. 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದನ್ನು ಸ್ವತಃ ನುಡಿಸಿದ.

ಹೊಗಳಿಕೆ ಮತ್ತು ತಕರಾರು

ಮೆಟ್ನರನ ಕುರಿತು ಅಭಿಪ್ರಾಯಭೇದ ಅವನ ಜೀವಿತಕಾಲದಲ್ಲೇ ತೀವ್ರವಾಗಿತ್ತು. ಜಗತ್ಪ್ರಸಿದ್ಧ ರಚನಕಾರ ಮತ್ತು ಪಿಯಾನೊ ವಾದಕ ರಾಖ್ಮನಿನೊವ್ ಅವನನ್ನು ತಮ್ಮ ಕಾಲದ ಅತಿ ದೊಡ್ಡ ರಚನಕಾರನೆಂದು ಎಣಿಸಿದ್ದರು. ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಅವನಿಗೆ ಅರ್ಪಿಸಿದ್ದರು. ಪ್ರತಿಯಾಗಿ ಮೆಟ್ನರ್ ತನ್ನ ಎರಡನೆಯ ಕನ್ಸರ್ಟೊವನ್ನು ರಾಖ್ಮನಿನೊವ್ ಅವರಿಗೆ ಅರ್ಪಿಸಿದ.

ತಕರಾರು ಎತ್ತಿದವರ ವಾದವೂ ಹಗುರವಾದುದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕುಳಿತು ಹತ್ತೊಂಬತ್ತನೆಯ ಶತಮಾನದ ಸಂಗೀತ ಬರೆಯುತ್ತಾನೆ ಎಂಬುದು ಅವರ ಮೊದಲ ಆಕ್ಷೇಪ. ಅವನ ಕೃತಿಗಳಲ್ಲಿ ಪಾಂಡಿತ್ಯ ಹೆಚ್ಚು, ಕಿವಿಯಲ್ಲಿ ನಿಲ್ಲುವ ಧಾಟಿ ಕಡಿಮೆ ಎಂಬುದು ಎರಡನೆಯದು. ರಷ್ಯಾದ ಬ್ರಾಮ್ಸ್ ಎಂದು ಅವನನ್ನು ಕರೆದವರಲ್ಲಿ ಕೆಲವರು ಮೆಚ್ಚುಗೆಯಿಂದಲೂ ಕೆಲವರು ಅವಹೇಳನದಿಂದಲೂ ಹಾಗೆ ಕರೆದರು. ಮೆಟ್ನರ್ ಕೂಡ ಸುಮ್ಮನಿರಲಿಲ್ಲ. 1935ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆಧುನಿಕ ಸಂಗೀತ ತನ್ನ ಮೂಲ ನಿಯಮಗಳನ್ನು ಬಿಟ್ಟು ಶೋಕಿಯ ಬೆನ್ನು ಹತ್ತಿದೆ ಎಂದು ನೇರವಾಗಿ ದೂರಿದ. ಅದರಿಂದ ಅವನು ಕಾಲಕ್ಕೆ ಇನ್ನಷ್ಟು ಹೊರಗಿನವನಾದ.

ನಮ್ಮ ಸಂಗೀತಕ್ಕೆ ಒಗ್ಗಿದ ಕಿವಿಗೆ ಈ ಚರ್ಚೆಯ ತಿರುಳು ಅರ್ಥವಾಗದ್ದೇನಲ್ಲ. ನಮ್ಮಲ್ಲಿ ಒಂದೇ ಧಾಟಿ ರಾಗದ ದಾರಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಮೆಟ್ನರನ ಪಿಯಾನೊದಲ್ಲಿ ಎರಡು ಕೈಗಳು ಮೂರು ನಾಲ್ಕು ಧಾಟಿಗಳನ್ನು ಏಕಕಾಲಕ್ಕೆ ನಡೆಸುತ್ತವೆ. ಒಂದರ ಲಯ ಇನ್ನೊಂದನ್ನು ಅಡ್ಡಹಾಯುತ್ತದೆ. ನುಡಿಸುವವನಿಗೆ ಅದು ಅತ್ಯಂತ ಕಠಿಣ, ಆದರೆ ಆ ಕಾಠಿಣ್ಯ ಕೇಳುಗನ ಕಣ್ಣಿಗೆ ಕಾಣುವ ಚಮತ್ಕಾರವಾಗಿ ಹೊರಬೀಳುವುದಿಲ್ಲ. ಮೊದಲ ಬಾರಿಗೆ ಕೇಳಿದವರು ಕೈಚೆಲ್ಲುತ್ತಾರೆ. ನಾಲ್ಕಾರು ಬಾರಿ ಕೇಳಿದವರು ಭಕ್ತರಾಗುತ್ತಾರೆ. ನಾಲ್ಕಾರು ಬಾರಿ ಕೇಳಬೇಕಾದರೆ ಧ್ವನಿಮುದ್ರಿಕೆ ಬೇಕು. ಮೆಟ್ನರನಿಗೆ ಇಲ್ಲದಿದ್ದುದು ಅದೇ.

ಅರಮನೆಯ ನೆರವು

ಆ ಕೊರತೆಯನ್ನು ತುಂಬಿದವರು ಮೈಸೂರಿನ ಮಹಾರಾಜರು. 1946ರ ಸುಮಾರಿಗೆ ಅವರ ನೆರವಿನಿಂದ ಮೆಟ್ನರ್ ಸೊಸೈಟಿ ಎಂಬ ಯೋಜನೆ ರೂಪುಗೊಂಡಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಧ್ವನಿಮುದ್ರಣದ ಹೊಣೆ ಹೊತ್ತಿತು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೂರೂ ಕನ್ಸರ್ಟೊಗಳನ್ನು ಮೆಟ್ನರ್ ನುಡಿಸಿದ. ಸೊನಾಟಾಗಳು, ಕಿರುರಚನೆಗಳು ಮತ್ತು ಹಾಡುಗಳು ಅವನ್ನು ಹಿಂಬಾಲಿಸಿದವು. 1950ರಲ್ಲಿ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಅವನ ಹಾಡುಗಳನ್ನು ಹಾಡಿದಾಗ ಪಿಯಾನೊದ ಮುಂದೆ ಕುಳಿತಿದ್ದವನು ಆ ವೃದ್ಧನೇ. ಮೂರನೆಯ ಕನ್ಸರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಯಿತು.

ಮಹಾರಾಜರ ಆಸಕ್ತಿ ಒಬ್ಬನಲ್ಲಿಗೇ ನಿಲ್ಲಲಿಲ್ಲ. 1948ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದರು. ಲೆಗ್ ಅವರ ನೆನಪುಗಳ ಪ್ರಕಾರ, ಮಹಾರಾಜರು ಮೂರು ವರ್ಷ ಕಾಲ ವರ್ಷಕ್ಕೆ 10,000 ಪೌಂಡ್ ನೀಡಲು ಒಪ್ಪಿದರು. ಅಂದಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. ಕರಾಯನ್ ನಿರ್ದೇಶನದಲ್ಲಿ ಬಾಲಾಕಿರೆವ್ ಮತ್ತು ರೂಸೆಲ್‌ರ ಸಿಂಫನಿಗಳು ಧ್ವನಿಮುದ್ರಣಗೊಂಡದ್ದು ಈ ಆಸರೆಯಲ್ಲೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಆ ಕಛೇರಿಗೂ ಮಹಾರಾಜರ ಹಣದ ಬೆಂಬಲವಿತ್ತು. ಆಧುನಿಕರನ್ನು ಮೆಟ್ನರ್ ದೂರವಿಟ್ಟರೂ ಅವನ ಪೋಷಕರು ದೂರವಿಡಲಿಲ್ಲ ಎಂಬುದು ಗಮನಾರ್ಹ.

ತಪ್ಪಿಸಲಾಗದ ಪ್ರಶ್ನೆ

ಆದರೆ ಆ ವರ್ಷಗಳು ಸಾಮಾನ್ಯ ವರ್ಷಗಳಲ್ಲ. ಲಂಡನ್ನಿನಲ್ಲಿ ಕನ್ಸರ್ಟೊಗಳು ಧ್ವನಿಮುದ್ರಣಗೊಂಡ 1947ರಲ್ಲೇ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು. ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬೀದಿಯಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದರು. ಅವರು ಬಿದ್ದ ವೃತ್ತಕ್ಕೆ ಇಂದು ಅವರದೇ ಹೆಸರಿದೆ. ಅಕ್ಟೋಬರ್‌ನಲ್ಲಿ ಮಹಾರಾಜರು ಜನರ ಬೇಡಿಕೆಗೆ ಮಣಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಇತ್ತ ಸಿಂಧನೂರು, ಲಿಂಗಸುಗೂರು ಸೀಮೆಯ ಜನ 1948ರ ಸೆಪ್ಟೆಂಬರ್ 17ರವರೆಗೆ ರಜಾಕಾರರ ಭಯದಲ್ಲೇ ದಿನ ನೂಕಬೇಕಾಯಿತು.

ಇಂತಹ ಹೊತ್ತಿನಲ್ಲಿ ದೂರದ ಲಂಡನ್ನಿನ ವಾದ್ಯವೃಂದಕ್ಕೆ ಲಕ್ಷಗಟ್ಟಲೆ ರೂಪಾಯಿ ಕೊಟ್ಟದ್ದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅರಸನ ಹಣ ಕೊನೆಗೂ ರೈತನ ಬೆವರಿನಿಂದ ಬಂದದ್ದೇ. ಇದಕ್ಕೆ ಪ್ರತಿಯಾಗಿ ಹೇಳಬಹುದಾದದ್ದೂ ಇದೆ. ವಾಸುದೇವಾಚಾರ್ಯ, ಚೌಡಯ್ಯ ಮೊದಲಾದವರಿಗೆ ಆಸರೆಯಾದ ಅರಮನೆಯ ಪರಂಪರೆಯಲ್ಲೇ ಈ ನೆರವೂ ಹುಟ್ಟಿತು. ಬಡತನದಲ್ಲಿದ್ದ ರೋಗಿಷ್ಠ ಕಲಾವಿದನೊಬ್ಬನ ಕೊನೆಯ ಐದು ವರ್ಷ ಅದರಿಂದ ಸಾರ್ಥಕವಾದವು. ಎರಡೂ ಮಾತುಗಳು ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ವೀಣೆಯತ್ತ

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ನಿಧನನಾದ. ಅವನ ಎಲ್ಲ ಕೃತಿಗಳನ್ನೂ ಮುದ್ರಿಸುವ ಆಸೆ ಪೂರ್ಣವಾಗಲಿಲ್ಲ. ಒಂದು ಬದಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿದ್ದ ಆ ಭಾರದ ತಟ್ಟೆಗಳು, ದೀರ್ಘಾವಧಿಯ ಹೊಸ ತಟ್ಟೆಗಳು ಬಂದೊಡನೆ ಬಳಕೆ ತಪ್ಪಿದವು.

ಮಹಾರಾಜರ ಬದುಕೂ ತಿರುವು ಪಡೆಯಿತು. 1950ರಿಂದ ರಾಜಪ್ರಮುಖರು, 1956ರಿಂದ ರಾಜ್ಯಪಾಲರು, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರು. ಈ ನಡುವೆ ಪಿಯಾನೊದ ಸ್ಥಾನವನ್ನು ವೀಣೆ ಪಡೆದಿತ್ತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ಕಲಿತ ಅವರು ಶ್ರೀವಿದ್ಯಾ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳೇ ಹೆಚ್ಚು. ಗಂಭೀರನಾಟ ರಾಗದ ಶ್ರೀ ಜಾಲಂಧರ ಕೃತಿ ಇಂದಿಗೂ ಕಛೇರಿಗಳಲ್ಲಿ ಜೀವಂತವಾಗಿದೆ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಸಂದಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಅವರು ಕಾಲವಾದರು. ಆಗ ಅವರ ವಯಸ್ಸು 55. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ.

ಮಾತೃಭೂಮಿಯಲ್ಲಿ ಮೆಟ್ನರನ ಸಮಗ್ರ ಕೃತಿಗಳು 1959ರಿಂದ 1963ರ ಅವಧಿಯಲ್ಲಿ ಪ್ರಕಟವಾದವು. 1990ರ ದಶಕದಲ್ಲಿ ಕೆನಡಾದ ಮಾರ್ಕ್ ಆಂದ್ರೆ ಹ್ಯಾಮೆಲಿನ್ ಮೊದಲಾದ ಹೊಸ ಪೀಳಿಗೆಯ ವಾದಕರು ಅವನ ಸೊನಾಟಾಗಳನ್ನು ಮತ್ತೆ ಕೈಗೆತ್ತಿಕೊಂಡರು. ಮೈಸೂರಿನ ನೆರವಿನ ಹಳೆಯ ಧ್ವನಿಮುದ್ರಣಗಳು ಸಿಡಿಗಳಾಗಿ ಮರಳಿ ಬಂದವು. ಮೆಟ್ನರ್ ಶುಷ್ಕನೇ, ಗಹನನೇ ಎಂದು ವಾದಿಸುವವರು ಇಂದು ಅವನ ಕೈಯ ನುಡಿಸಾಣಿಕೆಯನ್ನೇ ಕೇಳಿ ವಾದಿಸಬಹುದು.

ಪಕ್ಕದ ಮಾನ್ವಿಯ ಜಗನ್ನಾಥದಾಸರ ಪದಗಳು ಬಾಯಿಂದ ಬಾಯಿಗೆ ಸಾಗಿ ಉಳಿದವು. ಪಿಯಾನೊ ಕೃತಿಗೆ ಆ ಭಾಗ್ಯವಿಲ್ಲ. ಅದರ ಸ್ವರಗಳು ಕಾಗದದ ಮೇಲೆ ಉಳಿದಾವು, ನುಡಿಸಿದ ಬೆರಳಿನ ಬನಿ ಉಳಿಯದು. ಮಸ್ಕಿಯ ಬಂಡೆಯೂ ಇಂತಹುದೇ ಮಾತನ್ನು ಹೇಳುತ್ತದೆ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕೆತ್ತಿದ್ದರಿಂದಲೇ ದೇವಾನಾಂಪ್ರಿಯ ಯಾರೆಂಬ ವಿದ್ವಾಂಸರ ಚರ್ಚೆಗೆ ಗಟ್ಟಿ ಆಧಾರ ಸಿಕ್ಕಿತು. ಮೆಟ್ನರನ ವಿಷಯದಲ್ಲಿ ಅಂತಹ ಆಧಾರವನ್ನು ಒದಗಿಸಿದವರು ಪಿಯಾನೊ ವಾದಕನಾಗಲು ಹಂಬಲಿಸಿ ಅರಸರಾದ ಜಯಚಾಮರಾಜ ಒಡೆಯರ್.