ಬಾಬಾಸಾಹೇಬ ಮತ್ತು ಹೊಲ ಕಾಯುವ ಬಂದೂಕು

ನರಗುಂದದ ಬಾಬಾಸಾಹೇಬ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳೋದು ದತ್ತಕದ ಕಥೆ. ಭಾವೆ ಮನೆತನದ ಭಾಸ್ಕರರಾವ್‌ಗೆ ಗಂಡು ಸಂತಾನ ಉಳಿಯಲಿಲ್ಲ, ದತ್ತು ತಗೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ, ಆತ ಬಂಡೆದ್ದ. ಶಾಲೆಯಲ್ಲಿ ನಾನು ಓದಿದ್ದೂ ಇಷ್ಟೇ. ಆದರೆ ಆ ಎರಡು ವರ್ಷಗಳಲ್ಲಿ ನಮ್ಮ ಸೀಮೆ ಹೊತ್ತಿಕೊಂಡಿದ್ದಕ್ಕೆ ದತ್ತಕದಷ್ಟೇ ದೊಡ್ಡ ಕಾರಣ ಬಂದೂಕು ಅಂತ ನನ್ನ ಅನಿಸಿಕೆ.

1857ರಲ್ಲಿ ನಿಶ್ಶಸ್ತ್ರೀಕರಣದ ಕಾನೂನು ಬಂತು. ಲೈಸನ್ಸ್ ಇಲ್ಲದೆ ಆಯುಧ ಇಡುವಂತಿಲ್ಲ. ಸಂಸ್ಥಾನಿಕನಿಗೆ ಅದು ಮಾನದ ಪ್ರಶ್ನೆ. ಬೇಟೆಯಾಡಿ, ಹೊಲ ಕಾಯ್ದು ಬದುಕುವವನಿಗೆ ಹೊಟ್ಟೆಯ ಪ್ರಶ್ನೆ. ನವೆಂಬರ್‌ನಲ್ಲಿ ಮುಧೋಳ ಸಂಸ್ಥಾನದ ಹಲಗಲಿ ಬೇಡರು ಕೊಡಲ್ಲ ಅಂದರು. ಸೈನ್ಯ ಬಂತು, ಊರು ಸುಟ್ಟಿತು, ಗಲ್ಲುಗಳು ಎದ್ದವು.

ಆರೇ ತಿಂಗಳಿಗೆ ನರಗುಂದ. ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದ ಕಡೆ ಹೊರಟು ಸುರೇಬಾನದಲ್ಲಿ ತಂಗಿದ್ದ. 1858ರ ಮೇ 29ರ ರಾತ್ರಿ ಬಾಬಾಸಾಹೇಬನ ಜನ ಮೇಲೆ ಬಿದ್ದು ಅವನನ್ನು ಕೊಂದರು, ತಲೆ ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಇದನ್ನು ವೀರಗಾಥೆಯಾಗಿ ಹಾಡೋರ ಜೊತೆ ನಾನಿಲ್ಲ. ನಿದ್ದೆಯಲ್ಲಿದ್ದ ಶಿಬಿರದ ಮೇಲಿನ ದಾಳಿ ಅದು. ಆದರೆ ಮುಂದಿನ ನಾಲ್ಕು ದಿನದಲ್ಲೇ ಎಲ್ಲ ಮುಗೀತು. ಕರ್ನಲ್ ಮಾಲ್ಕಮ್‌ನ ಪಡೆ ಜೂನ್ 2ಕ್ಕೆ ಕೋಟೆ ಹಿಡಿಯಿತು. ಪಂಢರಪುರದ ಯಾತ್ರಿಕನ ವೇಷದಲ್ಲಿ ಹೊರಟ ಬಾಬಾಸಾಹೇಬ ಪೊಲೀಸ್ ಅಧಿಕಾರಿ ಸೂಟರ್ ಕೈಗೆ ಸಿಕ್ಕ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲು. ತಾಯಿ, ಹೆಂಡತಿ ಮಲಪ್ರಭೆಗೆ ಹಾರಿದರು ಅಂತ ಊರು ಇವತ್ತಿಗೂ ಹೇಳುತ್ತೆ.

ಆತ ಹೋದ, ಆ ಭಯ ಹೋಗಲಿಲ್ಲ. 1878ರ ಶಸ್ತ್ರ ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ಸ್ವಾತಂತ್ರ್ಯ ಬಂದ ಮೇಲಿನ 1959ರ ಕಾಯ್ದೆಯ 13ನೇ ಕಲಂ ಓದಿ ನೋಡಿ. ಬೆಳೆ ರಕ್ಷಣೆಗೆ ಅಂತ ಅದು ಮೊದಲು ಹೆಸರಿಸೋದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನ! ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಮಾತ್ರ ಬೇರೆ ನಳಿಗೆ ಬಂದೂಕು. ಅಂದರೆ ಬಾಬಾಸಾಹೇಬನ ಕಾಲದ ಯಂತ್ರ.

ಎಂಜಿನಿಯರಿಂಗ್ ಓದಿದವನ ಚಟ, ಒಂದು ಹೋಲಿಕೆ ಮಾಡ್ತೀನಿ. ಅಮೆರಿಕದಲ್ಲಿ ಬೆಳೆ, ಹುಲ್ಲುಗಾವಲು ಹಾಳುಮಾಡೋ ಬಿಲದ ಪ್ರಾಣಿಗಳನ್ನ ದೂರದಿಂದ ಹೊಡೆಯೋಕೆ ಹವ್ಯಾಸಿಗಳು ದೊಡ್ಡ ತೋಟಾದ ಹಿತ್ತಾಳೆ ಕುತ್ತಿಗೆ ಕಿರಿದು ಮಾಡಿ, ಸಣ್ಣ ಗುಂಡು ಕೂರಿಸಿ, ಅದಕ್ಕೆ ತಕ್ಕ ರೈಫಲ್ ತಾವೇ ಕಟ್ಟಿಸ್ತಾರೆ. ಇಂಥದ್ದಕ್ಕೆ ವೈಲ್ಡ್‌ಕ್ಯಾಟ್ ಅಂತ ಹೆಸರು. .250 ಸ್ಯಾವೇಜ್‌ನಿಂದ ಹೀಗೆ ಹುಟ್ಟಿದ .22-250 ಅನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿಯೇ ತನ್ನದಾಗಿಸಿಕೊಂಡಿತು. ಇಲ್ಲಿ ಪರವಾನಗಿ ಇಲ್ಲದೆ ಅಂಥ ನಳಿಗೆ ಕೊರೆದರೆ ಜೈಲು. ನಮ್ಮಲ್ಲೂ ಅಂಥ ರೈಫಲ್ ಬೇಕು ಅಂತ ನಾನು ಹೇಳ್ತಿಲ್ಲ. ನವಲಗುಂದ, ಅಣ್ಣಿಗೇರಿಯ ಕಡಲೆ ಹೊಲಕ್ಕೆ ಇಳಿಯೋದು ಚಿಗರಿ. 1972ರ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ ಅದು, ಅದರ ಮೇಲೆ ಗುಂಡು ಹಾರಿಸಬಾರದು, ಹಾರಿಸೋದೂ ಬೇಡ. ಅಲ್ಲಿ ಬೇಕಿರೋದು ಬೇಲಿ, ಸಕಾಲಕ್ಕೆ ಪರಿಹಾರ.

ಆದರೆ ಕಲಘಟಗಿಯ ಕಾಡಂಚಿನಲ್ಲಿ ಗೋವಿನಜೋಳ ಹಾಕಿದವನಿಗೆ ಹಂದಿ ಕಾಟ. ಸದ್ದು ಮಾಡಿ ಓಡಿಸೋಕಾದರೂ ಕೈಯಲ್ಲೊಂದು ಬಂದೂಕು ಬೇಕು ಅಂದರೆ ಕಾನೂನು ಮೊದಲು ತೋರಿಸೋದು ಆ ಮದ್ದಿನ ಬಂದೂಕನ್ನೇ. ತೆನೆ ಕಟ್ಟೋ ಹೊತ್ತಿಗೆ ಮಳೆ ಹಿಡಿದಿರುತ್ತೆ. ಮದ್ದು ನೆಂದರೆ ಅದೂ ಹಾರಂಗಿಲ್ಲ ನೋಡ್ರಿ.