ಗ್ಯಾರಿ ಕಿಲ್ಡಾಲ್: ಪೆನ್‌ಡ್ರೈವ್ ಬೂಟ್ ಆದಾಗ ನೆನಪಾಗಬೇಕಾದ ಮನುಷ್ಯ

ಸರ್ವರ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕಂದ್ರೆ ಬಹಳ ಸಲ ನಾವು ಮಾಡೋದು ಇಷ್ಟೇ. ಒಂದು ಪೆನ್‌ಡ್ರೈವ್‌ಗೆ ಫ್ರೀಡಾಸ್ ಹಾಕ್ತೀವಿ, ಅಪ್‌ಡೇಟ್ ಫೈಲ್ ಕಾಪಿ ಮಾಡ್ತೀವಿ, ಸರ್ವರ್‌ಗೆ ಚುಚ್ಚಿ ಅದರಿಂದಲೇ ಬೂಟ್ ಮಾಡ್ತೀವಿ. ಕಪ್ಪು ಸ್ಕ್ರೀನ್ ಮೇಲೆ ಸಿ ಅಕ್ಷರ, ಪಕ್ಕದಲ್ಲಿ ಒಂದು ಬಾಣದ ಗುರುತು, ಮಿನುಗೋ ಕರ್ಸರ್ ಬರ್ತದ. ಈ ಪ್ರಾಂಪ್ಟ್ ಪಿಸಿಗಳಿಗೆ ಬಂದದ್ದು ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂನಿಂದ. ನಾವು ದಿನಾ ಹೇಳೋ ಬಯಾಸ್ ಅನ್ನೋ ಹೆಸರೂ ಅವರದೇ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅವರ ಬಗ್ಗೆ ಗೊತ್ತಿರೋದು ಒಂದೇ ಕತೆ: ಐಬಿಎಂನವರು ಮನೆ ಬಾಗಿಲಿಗೆ ಬಂದಾಗ ಇವರು ವಿಮಾನ ಹಾರಿಸೋಕೆ ಹೋಗಿದ್ರು ಅನ್ನೋದು. ಅಷ್ಟರಲ್ಲೇ ಒಬ್ಬ ಎಂಜಿನಿಯರ್‌ನ ಜೀವನ ಮುಗಿಸಿಬಿಡೋದು ಸರಿಯಲ್ಲ ಅಂತ ನಮಗೆ ಅನ್ನಿಸ್ತದ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆತನದವರು ಹಡಗು ನಡೆಸುವ ವಿದ್ಯೆ ಕಲಿಸುವ ಶಾಲೆ ನಡೆಸುತ್ತಿದ್ದರು. ಗ್ಯಾರಿಯೂ ಸ್ವಲ್ಪ ಕಾಲ ಅಲ್ಲಿ ಪಾಠ ಮಾಡಿದರು. ಗಣಿತದ ಮೇಷ್ಟ್ರಾಗಬೇಕು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವರಿಗೆ ಅಲ್ಲಿ ಕಂಪ್ಯೂಟರ್ ಹುಚ್ಚು ಹಿಡಿಯಿತು. ವಿಯೆಟ್ನಾಂ ಯುದ್ಧದ ಕಾಲ ಅದು. ನೌಕಾಪಡೆಯ ಸೇವೆಯ ಭಾಗವಾಗಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳೋಕೆ ಹೋದರು. 1972ರಲ್ಲಿ ಪಿಎಚ್‌ಡಿ ಮುಗಿಸಿದರು.

ಆಗ ಕಂಪ್ಯೂಟರ್ ಅಂದ್ರೆ ಒಂದು ರೂಮ್ ತುಂಬೋ ಮಷೀನು. 1971ರಲ್ಲಿ ಇಂಟೆಲ್ ಕಂಪನಿ 4004 ಚಿಪ್ ಹೊರತಂದಿತ್ತು. ಅದನ್ನು ಬಹಳ ಜನ ಸಣ್ಣಪುಟ್ಟ ಉಪಕರಣಕ್ಕೆ ಹಾಕೋ ಬಿಡಿಭಾಗ ಅಂತ ನೋಡಿದರು. ಕಿಲ್ಡಾಲ್ ಅದರಲ್ಲಿ ಪೂರ್ತಿ ಕಂಪ್ಯೂಟರನ್ನೇ ಕಂಡರು. ಇಂಟೆಲ್‌ಗೆ ಸಲಹೆಗಾರರಾಗಿ 1973ರಲ್ಲಿ ಪಿಎಲ್/ಎಂ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಪ್ರೋಗ್ರಾಂ ಬರೆದು ಉಳಿಸಿಡೋಕೆ ಜಾಗ ಬೇಕಿತ್ತು. ಶುಗಾರ್ಟ್ ಕಂಪನಿಯ ಫ್ಲಾಪಿ ಡ್ರೈವ್ ಸಿಕ್ಕಿತು, ಗೆಳೆಯ ಜಾನ್ ಟೊರೋಡ್ ಅದಕ್ಕೆ ಕಂಟ್ರೋಲರ್ ಮಾಡಿಕೊಟ್ಟರು. 1974ರಲ್ಲಿ ಫ್ಲಾಪಿಯಿಂದ ಸಿಪಿ/ಎಂ ಎದ್ದು ನಿಂತಿತು. ಇಂಟೆಲ್ ಅದನ್ನು ಕೊಳ್ಳಲಿಲ್ಲ. ಆಗ ಕಿಲ್ಡಾಲ್ ಮತ್ತು ಅವರ ಹೆಂಡತಿ ಡೊರೊಥಿ ಸೇರಿ ಡಿಜಿಟಲ್ ರಿಸರ್ಚ್ ಕಂಪನಿ ಕಟ್ಟಿದರು.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಒಂದೊಂದು ಕಂಪನಿಯ ಮಷೀನಿನಲ್ಲಿ ಒಂದೊಂದು ತರಹದ ಡಿಸ್ಕು, ಕೀಬೋರ್ಡು, ಟರ್ಮಿನಲ್ಲು. ಪ್ರತಿ ಮಷೀನಿಗೂ ಪೂರ್ತಿ ಸಿಸ್ಟಂ ತಿದ್ದುತ್ತಾ ಕೂತರೆ ಮುಗೀತು ಕತೆ. ನಮ್ಮ ಕಡೆ ಉದಾಹರಣೆ ತಗೊಳ್ರಿ. ಆಳಂದದ ಒಂದು ಮನೆಯಲ್ಲಿ ಗ್ಯಾಸ್ ಒಲಿ, ಅಫಜಲಪುರದ ಒಂದು ಮನೆಯಲ್ಲಿ ಕಟ್ಟಿಗಿ ಒಲಿ, ಜೇವರ್ಗಿಯ ಒಂದು ಮನೆಯಲ್ಲಿ ಕರೆಂಟಿನ ಒಲಿ ಅದ ಅನ್ಕೊಳ್ರಿ. ಜೋಳದ ಹಿಟ್ಟು ನಾದೋದು, ರೊಟ್ಟಿ ಬಡಿಯೋದು ಮೂರೂ ಕಡೆ ಒಂದೇ. ಬದಲಾಗೋದು ಒಲಿ ಹಚ್ಚೋ ರೀತಿ ಮಾತ್ರ. ಕಿಲ್ಡಾಲ್ ಮಾಡಿದ್ದೂ ಇದೇ. ಹಾರ್ಡ್‌ವೇರ್ ಜೊತೆ ನೇರ ಮಾತಾಡೋ ಸಣ್ಣ ಭಾಗವನ್ನು ಬೇರೆ ಮಾಡಿ ಅದಕ್ಕೆ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಂ, ಅಂದ್ರೆ ಬಯಾಸ್, ಅಂತ ಹೆಸರಿಟ್ಟರು. ಹೊಸ ಮಷೀನ್ ಬಂದರೆ ಆ ಸಣ್ಣ ಭಾಗ ಬದಲಿಸಿದರೆ ಸಾಕು. 1981ರ ಹೊತ್ತಿಗೆ ಸಿಪಿ/ಎಂ ಸುಮಾರು 3,000 ಮಾದರಿಯ ಕಂಪ್ಯೂಟರ್‌ಗಳಲ್ಲಿ ಓಡುತ್ತಿತ್ತು.

ಅದೇ ವರ್ಷ ಬಂದ ಐಬಿಎಂ ಪಿಸಿಯಲ್ಲಿ ಬಯಾಸ್ ರಾಮ್ ಅಲ್ಲ, ರೋಮ್ ಚಿಪ್ಪಿನೊಳಗೆ ಕೂತಿತ್ತು. ಮುಂದೆ ತಿದ್ದಿ ಬರೆಯಬಹುದಾದ ಫ್ಲ್ಯಾಶ್ ಚಿಪ್ ಬಂತು, ಅದರಿಂದಲೇ ಅಪ್‌ಡೇಟ್ ಅನ್ನೋದು ಸಾಧ್ಯ ಆಯ್ತು. ಹಂಗಾಗಿ ಪೆನ್‌ಡ್ರೈವ್ ಕೈಕೊಟ್ಟಾಗ ನಾವು ಹುಡುಕೋ ತಪ್ಪುಗಳಲ್ಲೂ ಈ ಇತಿಹಾಸ ಅದ. ಪ್ರಾಂಪ್ಟೇ ಬರಲಿಲ್ಲ ಅಂದ್ರೆ ಮೊದಲು ಬೂಟ್ ಮೋಡ್ ನೋಡಬೇಕು. ಈಗಿನ ಸರ್ವರ್‌ಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದದ. ಫ್ರೀಡಾಸ್‌ಗೆ ಹಳೇ ಲೆಗಸಿ ಮೋಡ್ ಬೇಕು. ಅದು ಇಲ್ಲದಿದ್ದರೆ ಯುಇಎಫ್‌ಐ ಶೆಲ್‌ಗೆ ಅಂತಲೇ ಕೊಟ್ಟಿರೋ ಅಪ್‌ಡೇಟ್ ಫೈಲ್ ಹುಡುಕಬೇಕು. ಪ್ರಾಂಪ್ಟ್ ಬಂತು, ಫೈಲ್ ಸಿಗ್ತಿಲ್ಲ ಅಂದ್ರೆ ಹೆಸರು ಉದ್ದ ಆಗಿರಬಹುದು. ಎಂಟು ಅಕ್ಷರ, ಒಂದು ಚುಕ್ಕಿ, ಮೂರು ಅಕ್ಷರ ಅನ್ನೋ ನಿಯಮ ಡಾಸ್‌ಗೆ ಬಂದದ್ದು ಸಿಪಿ/ಎಂನಿಂದಲೇ. ಹೆಸರು ಚಿಕ್ಕದು ಮಾಡಿ ಮತ್ತೆ ಓಡಿಸಬೇಕು. ಟೂಲ್ ಅಪ್‌ಡೇಟ್ ಬೇಡ ಅಂದ್ರೆ ಮಾಡೆಲ್ ಸರಿ ಅದಾ, ನಡುವಿನ ವರ್ಷನ್ ಮೊದಲು ಹಾಕಬೇಕಾ ಅಂತ ರಿಲೀಸ್ ನೋಟ್ಸ್ ಓದಬೇಕು. ಫೈಲಿನ ಚೆಕ್‌ಸಮ್ ಕೂಡ ನೋಡಬೇಕು. ಕೊನೇದು ಕರೆಂಟ್. ಫ್ಲ್ಯಾಶ್ ಬರೆಯೋವಾಗ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತು ಹೋಗಬಹುದು. ಬೇಸಿಗೆಯ ಮಧ್ಯಾಹ್ನ ನಮ್ಮೂರುಗಳಲ್ಲಿ ಕೂತು ಓದಿದವರಿಗೆ ಯುಪಿಎಸ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಆ ವಿಮಾನದ ಕತೆ. 1980ರಲ್ಲಿ ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದದ್ದು ನಿಜ. ಕಿಲ್ಡಾಲ್ ಬೆಳಿಗ್ಗೆ ತಮ್ಮ ವಿಮಾನದಲ್ಲಿ ಹೋಗಿದ್ದೂ ನಿಜ. ಆದರೆ ಮೋಜಿಗಲ್ಲ, ಬಿಲ್ ಗಾಡ್‌ಬೌಟ್ ಎಂಬ ವ್ಯಾಪಾರಿಯನ್ನು ಕಾಣುವ ಕಂಪನಿ ಕೆಲಸಕ್ಕೆ. ವ್ಯವಹಾರ ನೋಡಿಕೊಳ್ಳುತ್ತಿದ್ದವರು ಡೊರೊಥಿ. ಐಬಿಎಂ ತಂದಿದ್ದ ಗೋಪ್ಯತೆ ಒಪ್ಪಂದಕ್ಕೆ ಅವರು ವಕೀಲರ ಮಾತು ಕೇಳಿ ಕೂಡಲೇ ಸಹಿ ಹಾಕಲಿಲ್ಲ. ಕೊನೆಗೆ ಐಬಿಎಂ ಮೈಕ್ರೊಸಾಫ್ಟ್ ಕಡೆ ಹೋಯಿತು. ಮೈಕ್ರೊಸಾಫ್ಟ್ ಕೊಟ್ಟದ್ದು ಸಿಪಿ/ಎಂ ಮಾದರಿಯಲ್ಲೇ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಂ. ಕಿಲ್ಡಾಲ್ ಆಕ್ಷೇಪ ಎತ್ತಿದ ಮೇಲೆ ಐಬಿಎಂ ಎರಡನ್ನೂ ಮಾರಾಟಕ್ಕಿಟ್ಟಿತು: ಡಾಸ್‌ಗೆ ಸುಮಾರು 40 ಡಾಲರ್, ಸಿಪಿ/ಎಂ-86ಕ್ಕೆ ಸುಮಾರು 240 ಡಾಲರ್. ಜನ ಯಾವುದು ತಗೊಂಡ್ರು ಅಂತ ಬೇರೆ ಹೇಳಬೇಕಾ?

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಸಹ ನಿರೂಪಕರಾಗಿ ಸಾಮಾನ್ಯ ಜನರಿಗೆ ಕಂಪ್ಯೂಟರ್ ತಿಳಿಸಿಕೊಟ್ಟರು. ಸಿಡಿ-ರೋಮ್‌ನಲ್ಲಿ ವಿಶ್ವಕೋಶ ತಂದ ಮೊದಲಿಗರಲ್ಲಿ ಅವರೂ ಒಬ್ಬರು. 1991ರಲ್ಲಿ ಕಂಪನಿ ನೊವೆಲ್‌ಗೆ ಮಾರಾಟವಾಯಿತು. 1992ರಲ್ಲಿ ಅವರು ಓದಿದ ವಿಶ್ವವಿದ್ಯಾಲಯವೇ ಕಂಪ್ಯೂಟರ್ ವಿಭಾಗದ ವಾರ್ಷಿಕೋತ್ಸವಕ್ಕೆ ಅವರನ್ನು ಕರೆಯಿತು. ಮುಖ್ಯ ಭಾಷಣ ಮಾತ್ರ ಬಿಲ್ ಗೇಟ್ಸ್ ಅವರದು. ಆ ನೋವಿನಲ್ಲೇ ಕಿಲ್ಡಾಲ್ ತಮ್ಮ ಆತ್ಮಕತೆ ಬರೆಯೋಕೆ ಕೂತರು, ಹತ್ತಿರದ ಕೆಲವರಿಗೆ ಮಾತ್ರ ಅದರ ಪ್ರತಿ ಕೊಟ್ಟರು. 1994ರ ಜುಲೈ 11ರಂದು, ತಲೆಗೆ ಪೆಟ್ಟು ಬಿದ್ದ ಮೂರು ದಿನಕ್ಕೆ, ಮಾಂಟೆರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 52 ವರ್ಷ.

2014ರಲ್ಲಿ ಪೆಸಿಫಿಕ್ ಗ್ರೋವ್‌ನ ಅವರ ಹಳೇ ಆಫೀಸಿನ ಮುಂದೆ ಐಇಇಇ ಸಂಸ್ಥೆ ಒಂದು ಫಲಕ ಹಾಕಿತು. 2016ರಲ್ಲಿ ಆತ್ಮಕತೆಯ ಒಂದು ಭಾಗ ಹೊರಬಂತು. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಅವರು ಸೋತವರು ಅಂತಾರೆ. ಎಂಜಿನಿಯರಿಂಗ್ ಓದೋ ನಾವು ಇನ್ನೊಂದು ಲೆಕ್ಕದಲ್ಲಿ ನೋಡಬೇಕು. ಬದಲಾಗೋದನ್ನೂ ಬದಲಾಗಬಾರದ್ದನ್ನೂ ಬೇರೆ ಬೇರೆ ಇಡು ಅನ್ನೋ ಅವರ ಯೋಚನೆ ಇನ್ನೂ ಕೆಲಸ ಮಾಡ್ತಾ ಅದ. ಅದಕ್ಕೇ ಇವತ್ತು ಇಡೀ ಸಿಸ್ಟಂ ಮುಟ್ಟದೆ ಫರ್ಮ್‌ವೇರ್ ಒಂದನ್ನೇ ತಿದ್ದೋಕೆ ಆಗೋದು.